ಒಂದೇ ಹಡಗು, ಒಂದೇ ವಾಲು, ಮೂರು ಜಿಝಡ್: ಯಾವುದನ್ನು ನಂಬುವುದು?

ಕಡಲಕೆಡೆಟ್
ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ಲೆಕ್ಕದ ಬಗ್ಗೆ ಕೋಣೆಯ ಗೆಳೆಯನಿಗೂ ನನಗೂ ಎರಡು ದಿನದಿಂದ ಜಗಳ. ಹಡಗಿನ ಡಿಸ್‌ಪ್ಲೇಸ್‌ಮೆಂಟ್ (ಅಂದರೆ ಒಟ್ಟು ತೂಕ) 12,000 ಟನ್, ಅಗಲ 20 ಮೀಟರ್. ಕೀಲ್, ಅಂದರೆ ಹಡಗಿನ ತಳದಿಂದ ಮೆಟಾಸೆಂಟರಿಗೆ (ಸ್ವಲ್ಪ ವಾಲಿದಾಗ ತೇಲುಬಲದ ಗೆರೆ ಹಡಗಿನ ನಡುಗೆರೆಯನ್ನು ದಾಟುವ ಬಿಂದು) ಇರುವ ಎತ್ತರ ಕೆಎಂ 8.30, ಗುರುತ್ವಕೇಂದ್ರಕ್ಕೆ ಇರುವ ಎತ್ತರ ಕೆಜಿ 7.60, ತೇಲುಬಲದ ಕೇಂದ್ರದಿಂದ ಮೆಟಾಸೆಂಟರಿಗೆ ಇರುವ ಎತ್ತರ ಬಿಎಂ 4.00 ಮೀಟರ್. ಹಾಗಾಗಿ ಕೆಎಂನಿಂದ ಕೆಜಿ ಕಳೆದರೆ ಬರುವ ಜಿಎಂ 0.70. ಹಡಗು 30 ಡಿಗ್ರಿ ವಾಲಿದಾಗ ಅದನ್ನು ಮತ್ತೆ ನೆಟ್ಟಗೆ ಮಾಡುವ ಸನ್ನೆತೋಳು, ಅಂದರೆ ಜಿಝಡ್ ಎಷ್ಟು ಎಂಬುದು ಪ್ರಶ್ನೆ.

ಜಿಎಂ ಅನ್ನು ಸೈನ್ 30ರಿಂದ ಗುಣಿಸಿದರೆ 0.35 ಮೀಟರ್.
ನೇರ ಗೋಡೆಯ ಹಡಗಿನ ಸೂತ್ರ (ಸೈನ್ × [ಜಿಎಂ + ಅರ್ಧ ಬಿಎಂ × ಟ್ಯಾನ್ ವರ್ಗ]) ಹಾಕಿದರೆ 0.68 ಮೀಟರ್.
ಕೆಎನ್ ಕೋಷ್ಟಕದಲ್ಲಿ (ಕೀಲ್‌ನಿಂದ ಅಳೆದ ಸನ್ನೆತೋಳುಗಳ ಪಟ್ಟಿ) 30 ಡಿಗ್ರಿಗೆ 4.22 ಎಂದಿದೆ. ಅದರಿಂದ ಕೆಜಿ × ಸೈನ್ 30, ಅಂದರೆ 3.80 ಕಳೆದರೆ 0.42 ಮೀಟರ್.

ಗೆಳೆಯನ ವಾದ: ಸೂತ್ರದಲ್ಲಿ ಬಿಎಂ ಕೂಡ ಇದೆ, ಹೆಚ್ಚು ಮಾಹಿತಿ ಬಳಸುತ್ತದೆ, ಆದ್ದರಿಂದ 0.68 ಸರಿ; ಕೋಷ್ಟಕದಲ್ಲಿ ಅಚ್ಚಿನ ತಪ್ಪಿರಬೇಕು. ನನಗೆ ಕೋಷ್ಟಕದ ಮೇಲೆಯೇ ನಂಬಿಕೆ. ಆದರೆ ಯಾಕೆ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ.

ಮೊದಲಮೇಟ್
0.42. ಮುಂದಿನ ಪ್ರಶ್ನೆ?

ಬಿಲ್ಜ್‌ಪಂಪು
ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿ. ಇಬ್ಬರಿಗೂ ಸಮಾಧಾನ, ಹಡಗಿಗೆ ಮಾತ್ರ ಗೊಂದಲ.

ನೌಕಾಶಿಲ್ಪಿ
ಮೊದಲಮೇಟ್ ಉತ್ತರ ಸರಿ, ಆದರೆ ಹುಡುಗ ಕೇಳಿದ್ದು ಯಾಕೆ ಎಂದು. ಅದನ್ನೂ ಹೇಳೋಣ.

ಮೂರು ಲೆಕ್ಕಗಳಲ್ಲೂ ಕೆಜಿ ಒಂದೇ. ಬೇರೆಯಾಗಿರುವುದು ಹಡಗಿನ ಒಡಲು ಹೇಗಿದೆ ಎಂಬ ಊಹೆ. ಜಿಎಂ × ಸೈನ್ ಎಂದು ಬರೆದ ಕ್ಷಣ, ಹಡಗು ವಾಲಿದರೂ ಮೆಟಾಸೆಂಟರ್ ಕದಲುವುದಿಲ್ಲ ಎಂದು ಒಪ್ಪಿಕೊಂಡಂತಾಯಿತು. ಸಣ್ಣ ವಾಲಿನಲ್ಲಿ ಅದು ನಿಜಕ್ಕೆ ತೀರಾ ಹತ್ತಿರ. ವಾಲು ಹೆಚ್ಚಿದಂತೆ ನೀರಿನ ಮಟ್ಟದಲ್ಲಿ ಹಡಗಿನ ಅಗಲ ಹೆಚ್ಚುತ್ತದೆ, ತೇಲುಬಲದ ಕೇಂದ್ರ ಇನ್ನಷ್ಟು ದೂರ ಸರಿಯುತ್ತದೆ, ಜಿಝಡ್ ಆ ಸರಳ ಲೆಕ್ಕಕ್ಕಿಂತ ಮೇಲೇರುತ್ತದೆ.

ಎರಡನೆಯ ಸೂತ್ರ ಆ ಏರಿಕೆಯನ್ನು ಹಿಡಿಯುತ್ತದೆ. ಅದಕ್ಕೊಂದು ಷರತ್ತು ಇದೆ: ನೀರು ಮುಟ್ಟುವ ಕಡೆಯಲ್ಲೆಲ್ಲ ಹಡಗಿನ ಪಕ್ಕಗಳು ನೇರವಾಗಿ ನಿಂತಿರಬೇಕು. ಒಂದು ಬದಿಯಲ್ಲಿ ಮುಳುಗುವ ತ್ರಿಕೋನ, ಇನ್ನೊಂದು ಬದಿಯಲ್ಲಿ ಮೇಲೇಳುವ ತ್ರಿಕೋನ, ಎರಡೂ ಪೂರ್ತಿಯಾಗಿರಬೇಕು. ಡೆಕ್ಕಿನ ಅಂಚು ನೀರಿಗಿಳಿದ ಮೇಲೆ ಮುಳುಗುವ ತ್ರಿಕೋನದ ತುದಿ ಕತ್ತರಿಸಿ ಹೋಗುತ್ತದೆ. ಅಲ್ಲಿ ಹಡಗೇ ಇಲ್ಲ, ಡೆಕ್ಕಿನ ಮೇಲೆ ನೀರು ಮಾತ್ರ. ಸೂತ್ರಕ್ಕೆ ಇದು ಗೊತ್ತಿಲ್ಲ. ಇಲ್ಲದ ಗೋಡೆಗೂ ಅದು ತೇಲುಬಲ ಲೆಕ್ಕ ಹಾಕುತ್ತಾ ಹೋಗುತ್ತದೆ. ನಿಮ್ಮ 0.68 ಬಂದದ್ದು ಹಾಗೆ.

ಕೆಎನ್ ಕೋಷ್ಟಕ ಊಹೆ ಮಾಡುವುದಿಲ್ಲ. ಹಡಗಿನ ನಿಜವಾದ ರೇಖೆಗಳನ್ನು ಹಿಡಿದು, ಪ್ರತಿ ವಾಲಿಗೂ ಪ್ರತಿ ತೂಕಕ್ಕೂ ಮುಳುಗಿದ ಭಾಗವನ್ನು ಅಳೆದು ಮಾಡಿದ್ದು. ಕೆಎನ್ ಎಂದರೆ ಗುರುತ್ವಕೇಂದ್ರ ಕೀಲ್ ಮೇಲೆಯೇ ಇದೆ ಎಂದುಕೊಂಡಾಗ ಬರುವ ಸನ್ನೆತೋಳು. ನಿಜವಾದ ಕೇಂದ್ರ ಎಷ್ಟು ಎತ್ತರದಲ್ಲಿದೆಯೋ ಅಷ್ಟಕ್ಕೆ ಸೈನ್ ಗುಣಿಸಿ ನೀವು ಕಳೆಯುತ್ತೀರಿ. ಒಡಲಿನ ಕೆಲಸ ಕೋಷ್ಟಕದ್ದು, ತೂಕದ ಕೆಲಸ ನಿಮ್ಮದು.

ಫ್ರೀಬೋರ್ಡ್, ಅಂದರೆ ನೀರಿನ ಮಟ್ಟದಿಂದ ಡೆಕ್ಕಿನ ಅಂಚಿಗೆ ಇರುವ ಎತ್ತರ, ಎಷ್ಟು? ಕೋಷ್ಟಕದ ಉಳಿದ ಸಾಲುಗಳನ್ನೂ ಹಾಕಿ.

ಕಡಲಕೆಡೆಟ್
ಫ್ರೀಬೋರ್ಡ್ 2.60 ಮೀಟರ್. 12,000 ಟನ್ನಿಗೆ ಕೆಎನ್ ಹೀಗಿದೆ:

10 ಡಿಗ್ರಿ: 1.45
20 ಡಿಗ್ರಿ: 2.89
30 ಡಿಗ್ರಿ: 4.22
40 ಡಿಗ್ರಿ: 5.30
50 ಡಿಗ್ರಿ: 6.08
60 ಡಿಗ್ರಿ: 6.50

ಗಣಿತಮೇಷ್ಟ್ರು
ಚೆನ್ನಾಯಿತು, ಈಗ ಕೂತು ನೋಡಬಹುದು. ಅರ್ಧ ಅಗಲ 10 ಮೀಟರ್, ಫ್ರೀಬೋರ್ಡ್ 2.60. ಟ್ಯಾನ್ 0.26 ಆಗುವ ಕೋನ ಸುಮಾರು 14.6 ಡಿಗ್ರಿ. ಹಡಗಿನ ನಡುಭಾಗದಲ್ಲಿ ಡೆಕ್ಕಿನ ಅಂಚು ನೀರು ಮುಟ್ಟುವುದು ಅಲ್ಲಿ.

ಅದಕ್ಕಿಂತ ಕೆಳಗೆ, 10 ಡಿಗ್ರಿಯಲ್ಲಿ ಮೂರನ್ನೂ ಹೋಲಿಸಿ. ಜಿಎಂ × ಸೈನ್: 0.122. ನೇರ ಗೋಡೆಯ ಸೂತ್ರ: 0.132. ಕೋಷ್ಟಕ: 1.45 − 1.320 = 0.130. ಸೂತ್ರವೂ ಕೋಷ್ಟಕವೂ ಎರಡು ಮಿಲಿಮೀಟರ್ ಅಂತರದಲ್ಲಿವೆ.

20 ಡಿಗ್ರಿಗೆ ಬನ್ನಿ. ಸೂತ್ರ 0.330 ಎನ್ನುತ್ತದೆ, ಕೋಷ್ಟಕ 0.291. ಅಂಚು ಮುಳುಗಿ ಐದೂವರೆ ಡಿಗ್ರಿ ಕಳೆದಿಲ್ಲ, ಆಗಲೇ ನಾಲ್ಕು ಸೆಂಟಿಮೀಟರ್ ವ್ಯತ್ಯಾಸ. 30ರಲ್ಲಿ ಅದು 26 ಸೆಂಟಿಮೀಟರ್. ಕೋಷ್ಟಕದಲ್ಲಿ ಅಚ್ಚಿನ ತಪ್ಪಿದ್ದಿದ್ದರೆ 10ರಲ್ಲಿ ಇಷ್ಟು ಚೆನ್ನಾಗಿ ಕೂಡಿ, ಆಮೇಲೆ ಇಷ್ಟು ಕ್ರಮವಾಗಿ ದೂರವಾಗುತ್ತಿರಲಿಲ್ಲ. ನಿಮ್ಮ ಗೆಳೆಯ ಸೂತ್ರ ಕೆಟ್ಟರೆ ಕೋಷ್ಟಕವನ್ನು ಬೈಯುತ್ತಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಕಡಲಕೆಡೆಟ್
ಗೆಳೆಯನಿಗೆ ತೋರಿಸಿದೆ. "10 ಡಿಗ್ರಿಯಲ್ಲಿ ನನ್ನ ಸೂತ್ರವೇ ಗೆದ್ದಿದೆಯಲ್ಲ" ಎಂದ.

ಬಿಲ್ಜ್‌ಪಂಪು
ಈತ ಮುಂದೆ ಒಳ್ಳೆಯ ಸೂಪರಿಂಟೆಂಡೆಂಟ್ ಆಗುತ್ತಾನೆ.

ಹಳೇಲಂಗರು
ಎಲ್ಲರೂ ಒಡಲಿನ ಬಗ್ಗೆಯೇ ಮಾತನಾಡುತ್ತಿದ್ದೀರಿ. ನನ್ನ ಪ್ರಶ್ನೆ ಬೇರೆ. 7.60 ಎಂಬ ಕೆಜಿ ಎಲ್ಲಿಂದ ಬಂತು? ಟ್ಯಾಂಕುಗಳಲ್ಲಿ ಅರೆಬರೆ ತುಂಬಿದ ನೀರು, ಎಣ್ಣೆ ಇದ್ದರೆ ಅದರ ತಿದ್ದುಪಡಿ ಸೇರಿದೆಯೋ ಇಲ್ಲವೋ? ಕೆಎನ್ ಓದುವುದರಲ್ಲಿ ಎಡವಿದವರನ್ನು ನಾನು ಕಂಡದ್ದು ಕಡಿಮೆ. ಕಳೆಯುವ ಕೆಜಿಯಲ್ಲಿ ಎಡವಿದವರೇ ಎಲ್ಲ.

ಕಡಲಕೆಡೆಟ್
ಸೇರಿದೆ ಸರ್. ಲೆಕ್ಕದಲ್ಲಿ ಕೆಜಿ 7.45 ಎಂದು ಕೊಟ್ಟು, ಮುಕ್ತ ಮೇಲ್ಮೈಯ (ಟ್ಯಾಂಕಿನೊಳಗೆ ದ್ರವ ಅತ್ತಿತ್ತ ಸರಿಯುವುದರ) ಮೊಮೆಂಟ್ 1,800 ಟನ್-ಮೀಟರ್ ಎಂದಿದ್ದರು. 1,800 ಭಾಗಿಸು 12,000 ಅಂದರೆ 0.15. ಅದನ್ನು ಕೂಡಿಸಿ 7.60 ಮಾಡಿದೆ.

ಹಳೇಲಂಗರು
ಸರಿ. ಆ 0.15 ಬಿಟ್ಟಿದ್ದರೆ 30 ಡಿಗ್ರಿಯಲ್ಲಿ ನಿಮಗೆ 0.495 ಸಿಗುತ್ತಿತ್ತು. ನೋಡಲು ಚೆಂದದ ಸಂಖ್ಯೆ. ಯಾರಿಗೂ ಅನುಮಾನ ಬರುವುದಿಲ್ಲ, ಅಪಾಯ ಇರುವುದೇ ಅದರಲ್ಲಿ.

ಈ ಮೊಮೆಂಟ್ ಎಲ್ಲಿಂದ ಬರುತ್ತದೆ ಎಂದೂ ತಿಳಿದುಕೊಳ್ಳಿ. ಆಯತಾಕಾರದ ಟ್ಯಾಂಕಿಗೆ ಉದ್ದ × ಅಗಲದ ಘನ ÷ 12, ಅದಕ್ಕೆ ಒಳಗಿನ ದ್ರವದ ಸಾಂದ್ರತೆಯನ್ನು ಗುಣಿಸಿ. ಹೊರಗಿನ ಸಮುದ್ರದ ಸಾಂದ್ರತೆ ಅಲ್ಲ, ಒಳಗಿರುವ ದ್ರವದ್ದು. ಅಗಲಕ್ಕೆ ಘನ ಇರುವುದನ್ನು ಗಮನಿಸಿ: 10 ಮೀಟರ್ ಉದ್ದ, 12 ಮೀಟರ್ ಅಗಲದ ಟ್ಯಾಂಕಿನಲ್ಲಿ ಸಮುದ್ರದ ನೀರಿದ್ದರೆ 1,476 ಟನ್-ಮೀಟರ್. ಅದೇ ಟ್ಯಾಂಕಿನ ನಡುವೆ ಉದ್ದಕ್ಕೆ ಒಂದು ಗೋಡೆ ಹಾಕಿದರೆ ಎರಡೂ ಕೋಣೆ ಸೇರಿ ಅದರ ಕಾಲುಭಾಗ, 369. ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂಬುದು ಈ ಸೂತ್ರದಲ್ಲಿ ಎಲ್ಲೂ ಇಲ್ಲ. ಸ್ವಲ್ಪ ಇದ್ದರೂ ಅಷ್ಟೇ, ಅರ್ಧ ಇದ್ದರೂ ಅಷ್ಟೇ.

ಮೊದಲಮೇಟ್
ಸಣ್ಣ ವಾಲಿಗೆ ಅದು ಸರಿ, ದೊಡ್ಡದಕ್ಕೆ ಅಲ್ಲ. ಟ್ಯಾಂಕಿನ ತಳದಲ್ಲಿ ಒಂದು ಗೇಣು ನೀರಿದ್ದರೆ ಸ್ವಲ್ಪ ವಾಲುವಷ್ಟರಲ್ಲಿ ಅದೆಲ್ಲ ಒಂದು ಮೂಲೆಗೆ ಸೇರಿರುತ್ತದೆ. ಆಮೇಲೆ ಸರಿಯಲು ಏನೂ ಉಳಿದಿರುವುದಿಲ್ಲ. 40 ಡಿಗ್ರಿಗೂ 0.15 ಪೂರ್ತಿ ಕಳೆಯುವುದು ಹಡಗಿಗೆ ಮಾಡುವ ಅನ್ಯಾಯ.

ನೌಕಾಶಿಲ್ಪಿ
ಅರ್ಧ ಒಪ್ಪುತ್ತೇನೆ. ತಳದ ನೀರಿಗೂ ಬಹುತೇಕ ತುಂಬಿದ ಟ್ಯಾಂಕಿಗೂ ನೀವು ಹೇಳಿದಂತೆಯೇ ಆಗುತ್ತದೆ. ಆದರೆ ಎತ್ತರದ, ಕಿರಿದಾದ, ಅರ್ಧ ತುಂಬಿದ ಟ್ಯಾಂಕಿನಲ್ಲಿ ದ್ರವಕ್ಕೆ ಮೇಲೂ ಕೆಳಗೂ ಜಾಗ ಇರುತ್ತದೆ. ಅಲ್ಲಿ ನಿಜವಾದ ನಷ್ಟ ಸೂತ್ರದ ಲೆಕ್ಕಕ್ಕಿಂತ ಹೆಚ್ಚೇ ಇರಬಹುದು. ಮೇಲೆ ಮಾತನಾಡಿದ ನೇರ ಗೋಡೆಯ ಗಣಿತವೇ ಇಲ್ಲಿ ಟ್ಯಾಂಕಿನೊಳಗೆ ನಡೆಯುತ್ತಿದೆ, ನಮ್ಮ ವಿರುದ್ಧವಾಗಿ. ಆದ್ದರಿಂದಲೇ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ 2008ರ ಸ್ಥಿರತಾ ಸಂಹಿತೆ ಎರಡೂ ದಾರಿ ಬಿಟ್ಟಿದೆ: ಪ್ರತಿ ಕೋನಕ್ಕೂ ದ್ರವದ ನಿಜವಾದ ಸರಿತವನ್ನು ಲೆಕ್ಕ ಹಾಕಬಹುದು, ಇಲ್ಲವೇ ಕೆಜಿ ಏರಿಸುವ ಹಳೆಯ ದಾರಿ ಹಿಡಿಯಬಹುದು. ಟ್ಯಾಂಕು 98 ಶೇಕಡಕ್ಕಿಂತ ಕಡಿಮೆ ತುಂಬಿದ್ದರೆ ಇದನ್ನು ಪರಿಗಣಿಸಲೇಬೇಕು.

ಮೊದಲಮೇಟ್
ಅರ್ಧ ಒಪ್ಪಿಗೆ ಸಿಕ್ಕಿತಲ್ಲ, ಸಾಕು.

ತಂತ್ರಾಂಶಪ್ರಿಯ
ಕ್ಷಮಿಸಿ, ಇದೆಲ್ಲ ಯಾವ ಕಾಲದ ಮಾತು? ಹಡಗಿನಲ್ಲಿ ಲೋಡಿಂಗ್ ಕಂಪ್ಯೂಟರ್ ಇದೆ. ಟ್ಯಾಂಕಿನ ಅಳತೆ, ಸರಕಿನ ತೂಕ ತುಂಬಿಸಿದರೆ ಜಿಝಡ್ ರೇಖೆಯನ್ನು ಬಣ್ಣದಲ್ಲಿ ಬಿಡಿಸಿ ಕೊಡುತ್ತದೆ. ಕೋಷ್ಟಕ, ಸೈನ್, ಕಳೆಯುವುದು, ಕೂಡುವುದು ಪರೀಕ್ಷೆಗೆ ಮಾತ್ರ.

ಹಳೇಲಂಗರು
"ತುಂಬಿಸಿದರೆ" ಎಂದಿರಲ್ಲ, ಆ ಮಾತಿನಲ್ಲೇ ಎಲ್ಲ ಇದೆ. 2019ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಜಾರ್ಜಿಯಾ ಕರಾವಳಿಯಲ್ಲಿ ಗೋಲ್ಡನ್ ರೇ ಎಂಬ ಕಾರು ಸಾಗಣೆಯ ಹಡಗು ಬಂದರಿನಿಂದ ಹೊರಡುವಾಗ ತಿರುವಿನಲ್ಲಿ ಮಗುಚಿತು. ತನಿಖೆಯಲ್ಲಿ ತಿಳಿದದ್ದೇನು? ಬ್ಯಾಲಾಸ್ಟ್, ಅಂದರೆ ಹಡಗನ್ನು ಸ್ಥಿರವಾಗಿಡಲು ಟ್ಯಾಂಕಿಗೆ ತುಂಬುವ ನೀರಿನ ಪ್ರಮಾಣವನ್ನು ಕಂಪ್ಯೂಟರಿಗೆ ತಪ್ಪಾಗಿ ಕೊಟ್ಟಿದ್ದರು. ಯಂತ್ರ ತನಗೆ ಕೊಟ್ಟ ಹಡಗಿಗೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ನೀರಿನ ಮೇಲಿದ್ದದ್ದು ಬೇರೆ ಹಡಗು.

ಮೊದಲಮೇಟ್
2015ರ ಜನವರಿಯಲ್ಲಿ ಇಂಗ್ಲೆಂಡಿನ ಸೋಲೆಂಟ್‌ನಲ್ಲಿ ಹೋಗ್ ಒಸಾಕಾ ವಾಲಿದ್ದೂ ಇದೇ ಜಾತಿಯ ಕಥೆ. ಸರಕಿನ ನಿಜವಾದ ತೂಕ ಅಂದಾಜಿಗಿಂತ ಬೇರೆ, ಬ್ಯಾಲಾಸ್ಟ್ ಅಂದಾಜಿನದು, ಹೊರಡುವ ಮುಂಚೆ ಸ್ಥಿರತೆಯ ಲೆಕ್ಕವನ್ನೇ ಮುಗಿಸಿರಲಿಲ್ಲ.

ತಂತ್ರಾಂಶಪ್ರಿಯ
ಅದು ಮನುಷ್ಯರ ತಪ್ಪು, ತಂತ್ರಾಂಶದ್ದಲ್ಲ. ಕಾಗದದ ಕೋಷ್ಟಕದ ಮುಂದೆ ಕೂತಿದ್ದರೂ ಅದೇ ತಪ್ಪು ಕೆಜಿ ಹಾಕುತ್ತಿದ್ದರು.

ಹಳೇಲಂಗರು
ಆ ಮಾತು ನಿಜ, ಅಲ್ಲಗಳೆಯುವುದಿಲ್ಲ. ಆದರೆ ಕೈಯಲ್ಲಿ ಒಂದು ಕೋನಕ್ಕಾದರೂ ಲೆಕ್ಕ ಮಾಡಿದವನಿಗೆ ಪರದೆಯ ಮೇಲಿನ ಜಿಎಂ ನಿನ್ನೆಗಿಂತ ಇದ್ದಕ್ಕಿದ್ದಂತೆ ಹೆಚ್ಚು ಕಂಡರೆ, ಎಲ್ಲಿಂದ ಬಂತು ಎಂದು ಕೇಳುವ ಬುದ್ಧಿ ಬರುತ್ತದೆ.

ಅಡ್ಡಗೆರೆ
ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಹಳೆಯ ಹಡಗಿನ ಪುಸ್ತಿಕೆಯಲ್ಲಿ ಕೆಎನ್ ಇಲ್ಲ. ಅಡ್ಡ ರೇಖೆಗಳ (ಒಂದೊಂದು ವಾಲಿಗೂ, ತೂಕಕ್ಕೆ ತಕ್ಕ ಸನ್ನೆತೋಳು ತೋರಿಸುವ ಗೆರೆಗಳ) ದೊಡ್ಡ ಹಾಳೆ ಇದೆ, ನಕಲಿನ ನಕಲು. 60 ಮತ್ತು 75 ಡಿಗ್ರಿಯ ಗೆರೆಗಳು ಒಂದು ಕಡೆ ಒಂದರ ಮೇಲೊಂದು ಬಿದ್ದು ಯಾವುದು ಯಾವುದೆಂದು ತಿಳಿಯುವುದಿಲ್ಲ. ಯಾರೋ ಕೆಂಪು ಪೆನ್ಸಿಲ್‌ನಲ್ಲಿ ತಿದ್ದಿದ್ದಾರೆ. ಮೂಲೆಯಲ್ಲಿ "ಊಹಿತ ಕೆಜಿ 7.00 ಮೀಟರ್" ಎಂದಿದೆ. ಇದರಿಂದ ಓದಿದ್ದು ನೇರವಾಗಿ ಜಿಝಡ್ ತಾನೇ?

ಬಿಲ್ಜ್‌ಪಂಪು
ತಿದ್ದುಪಡಿಯನ್ನು ಯಾವಾಗಲೂ ಕಳೆಯಬೇಕು ಎಂದು ಕೇಳಿದ ನೆನಪು.

ನೌಕಾಶಿಲ್ಪಿ
ಯಾವಾಗಲೂ ಅಲ್ಲ. ಹಾಳೆಯಲ್ಲಿ ಓದಿದ್ದು ಗುರುತ್ವಕೇಂದ್ರ ಸರಿಯಾಗಿ 7.00 ಮೀಟರಿನಲ್ಲಿದ್ದರೆ ಮಾತ್ರ ನಿಮ್ಮ ಜಿಝಡ್. ನಿಮ್ಮ ಕೆಜಿ ಅದಕ್ಕಿಂತ ಮೇಲಿದ್ದರೆ ವ್ಯತ್ಯಾಸ × ಸೈನ್ ಕಳೆಯಿರಿ, ಕೆಳಗಿದ್ದರೆ ಕೂಡಿರಿ. ಕೆಡೆಟ್ ಅವರ ಹಡಗನ್ನೇ ಹೀಗೆ ಬಿಡಿಸಿದ್ದರೆ 30 ಡಿಗ್ರಿಗೆ ಹಾಳೆಯಲ್ಲಿ 0.72 ಎಂದಿರುತ್ತಿತ್ತು. ಕೇಂದ್ರ 0.60 ಮೇಲಿದೆ, ಸೈನ್ 30 ಅರ್ಧ, 0.30 ಕಳೆದರೆ ಮತ್ತೆ ಅದೇ 0.42. ಕೆಎನ್ ಎಂದರೆ ಊಹಿತ ಕೆಜಿಯನ್ನು ಸೊನ್ನೆ ಎಂದಿಟ್ಟ ಹಾಳೆ. ಸೊನ್ನೆಗಿಂತ ಕೆಳಗೆ ಕೇಂದ್ರ ಇರುವ ಸರಕು ಹಡಗಿಲ್ಲ, ಆದ್ದರಿಂದ ಅಲ್ಲಿ ಯಾವಾಗಲೂ ಕಳೆಯುವುದೇ. ಬಿಲ್ಜ್‌ಪಂಪು ಕೇಳಿದ್ದು ಅದನ್ನಿರಬೇಕು.

ಆ ಕೆಂಪು ಪೆನ್ಸಿಲಿನ ಗೆರೆಯನ್ನು ಮಾತ್ರ ನಂಬಬೇಡಿ. ಅನುಮೋದಿತ ಮೂಲ ಪ್ರತಿ ತರಿಸಿಕೊಳ್ಳಿ.

ಹಳೆಪುಟ
ಜಿಎಂ ಒಂದನ್ನೇ ನೋಡಿ ಸಮಾಧಾನಪಟ್ಟುಕೊಳ್ಳುವವರಿಗೆ 1870ರ ಎಚ್‌ಎಂಎಸ್ ಕ್ಯಾಪ್ಟನ್ ಕಥೆ ಹೇಳಬೇಕು. ತಿರುಗುವ ಫಿರಂಗಿ ಗೋಪುರಗಳ ಬ್ರಿಟಿಷ್ ಯುದ್ಧನೌಕೆ, ಮೇಲೆ ಪೂರ್ತಿ ಹಾಯಿಪಟ. ವಿನ್ಯಾಸದಲ್ಲಿ ಫ್ರೀಬೋರ್ಡ್ ಮೊದಲೇ ಕಡಿಮೆ. ಕಟ್ಟಿ ಮುಗಿಸುವಾಗ ತೂಕ ಹೆಚ್ಚಾಗಿ ಇನ್ನಷ್ಟು ಕೆಳಗಿಳಿಯಿತು. ಸಣ್ಣ ವಾಲಿನಲ್ಲಿ ಅದರ ಸ್ಥಿರತೆಗೆ ಕೊರತೆ ಇರಲಿಲ್ಲ. ಆದರೆ ಜಿಝಡ್ ರೇಖೆ ಸುಮಾರು 21 ಡಿಗ್ರಿಗೇ ತುದಿ ಮುಟ್ಟಿ ಇಳಿಯತೊಡಗುತ್ತಿತ್ತು, 54ರ ಆಸುಪಾಸಿನಲ್ಲಿ ಸೊನ್ನೆ. ಜೊತೆಗಿದ್ದ ಎತ್ತರದ ಫ್ರೀಬೋರ್ಡಿನ ಮೊನಾರ್ಕ್ ನೌಕೆಯದು 40 ಡಿಗ್ರಿಯವರೆಗೂ ಏರುತ್ತಿತ್ತು. ಸೆಪ್ಟೆಂಬರ್ 7ರ ನಡುರಾತ್ರಿ ಕಳೆದ ಮೇಲೆ ಫಿನಿಸ್ಟೆರ್ ಭೂಶಿರದ ಆಚೆ ಬಿರುಗಾಳಿಗೆ ಕ್ಯಾಪ್ಟನ್ ಮಗುಚಿತು. 450ಕ್ಕೂ ಹೆಚ್ಚು ಜನ ಸತ್ತರು. ಅದನ್ನು ಕಟ್ಟಿಸಲು ಹಟ ಹಿಡಿದಿದ್ದ ಕೌಪರ್ ಕೋಲ್ಸ್ ಕೂಡ ಅದರಲ್ಲೇ ಇದ್ದರು. ಅದೇ ಬಿರುಗಾಳಿಯನ್ನು ಮೊನಾರ್ಕ್ ದಾಟಿ ಬಂತು.

ಕಡಲಕೆಡೆಟ್
ಅಂದರೆ ನನ್ನ ಲೆಕ್ಕದ ಹಡಗು ಇವೆರಡರಲ್ಲಿ ಯಾರ ಕಡೆ?

ಗಣಿತಮೇಷ್ಟ್ರು
ರೇಖೆ ಬಿಡಿಸಿದರೆ ಗೊತ್ತಾಗುತ್ತದೆ. ನಿಮ್ಮ ಕೋಷ್ಟಕದಿಂದ ಜಿಝಡ್: 10ಕ್ಕೆ 0.130, 20ಕ್ಕೆ 0.291, 30ಕ್ಕೆ 0.420, 40ಕ್ಕೆ 0.415, 50ಕ್ಕೆ 0.258, 60ಕ್ಕೆ −0.082. ತುದಿ 35ರ ಹತ್ತಿರ, ಸೊನ್ನೆಯಾಗುವುದು 57–58 ಡಿಗ್ರಿಯಲ್ಲಿ. ಏರಿಕೆಯನ್ನೂ ನೋಡಿ: ಮೊದಲ ಹತ್ತರಲ್ಲಿ 0.130, ಎರಡನೆಯದರಲ್ಲಿ 0.161, ಮೂರನೆಯದರಲ್ಲಿ 0.129. ಕಡಿದಾಗುತ್ತಾ ಹೋದ ರೇಖೆ 15ರ ಸುತ್ತ ಬಾಗು ಬದಲಿಸುತ್ತದೆ. ಮೇಲೆ ಲೆಕ್ಕ ಹಾಕಿದ ಡೆಕ್ಕಿನ ಅಂಚು ಅದೇ.

ಕೈಯಲ್ಲಿ ಬಿಡಿಸುವಾಗ ಇನ್ನೊಂದು ಕೆಲಸ ಮಾಡಿ. 57.3 ಡಿಗ್ರಿಯಲ್ಲಿ, ಅಂದರೆ ಒಂದು ರೇಡಿಯನ್‌ನಲ್ಲಿ ನೇರ ಗೆರೆ ನಿಲ್ಲಿಸಿ, 0.70 ಎತ್ತರದಲ್ಲಿ ಚುಕ್ಕೆ ಇಡಿ. ಅದನ್ನು ಮೂಲಬಿಂದುವಿಗೆ ಸೇರಿಸಿ. ನಿಮ್ಮ ರೇಖೆ ಶುರುವಿನಲ್ಲಿ ಆ ಓರೆಗೆರೆಯನ್ನು ತಬ್ಬಿಕೊಂಡೇ ಹೊರಡಬೇಕು. ಹೊರಡದಿದ್ದರೆ ಜಿಎಂ ತಪ್ಪು ಅಥವಾ ಕೆಎನ್ ಓದಿದ್ದು ತಪ್ಪು.

ನೌಕಾಶಿಲ್ಪಿ
ಸಂಹಿತೆಯ ಮಾನದಂಡಕ್ಕೂ ಹಿಡಿದು ನೋಡಿಬಿಡಿ ಮೇಷ್ಟ್ರೇ.

ಗಣಿತಮೇಷ್ಟ್ರು
ಆಗಲಿ. ರೇಖೆಯ ಕೆಳಗಿನ ವಿಸ್ತೀರ್ಣಕ್ಕೆ ಸಿಂಪ್ಸನ್ನನ ಎರಡನೆಯ ನಿಯಮ, 0ರಿಂದ 30ರವರೆಗೆ: ⅜ × 0.1745 × (0 + 3×0.130 + 3×0.291 + 0.420) = 0.110 ಮೀಟರ್-ರೇಡಿಯನ್. ಬೇಕಾದದ್ದು 0.055. ಮೊದಲನೆಯ ನಿಯಮ, 0ರಿಂದ 40ರವರೆಗೆ: 0.186, ಬೇಕಾದದ್ದು 0.090. 30ರಿಂದ 40ರ ನಡುವೆ 0.076, ಬೇಕಾದದ್ದು 0.030. ಜಿಝಡ್ 30 ಡಿಗ್ರಿಯಲ್ಲೋ ಅದರಾಚೆಯೋ ಕನಿಷ್ಠ 0.20 ಇರಬೇಕು, ಇದೆ. ತುದಿ 25ಕ್ಕಿಂತ ಮೊದಲು ಬರಬಾರದು, ಬಂದಿಲ್ಲ. ಜಿಎಂ 0.15ಕ್ಕಿಂತ ಕಡಿಮೆ ಇರಬಾರದು, ಇಲ್ಲ. ಧಾರಾಳವಾಗಿ ಪಾಸು.

ಹತ್ತು ಡಿಗ್ರಿಯ ಅಂತರವನ್ನು 10 ಎಂದೇ ಹಾಕಿ 6.3 ಎಂಬ ಉತ್ತರ ಬರೆದು ತಂದವರನ್ನು ನೋಡಿದ್ದೇನೆ. ರೇಡಿಯನ್, ರೇಡಿಯನ್, ರೇಡಿಯನ್.

ಹಳೆಪುಟ
ಈ ಮಾನದಂಡಗಳ ಬೇರು ಫಿನ್ಲೆಂಡಿನ ಯಾಕ್ಕೊ ರಾಹೋಲಾ 1939ರಲ್ಲಿ ಬರೆದ ಪ್ರಬಂಧದಲ್ಲಿದೆ. ಮಗುಚಿದ ಹಡಗುಗಳ ಜಿಝಡ್ ರೇಖೆಗಳನ್ನು ಒಟ್ಟಿಗೆ ಇಟ್ಟು, ಎಷ್ಟಿದ್ದರೆ ಸಾಕಾಗಲಿಲ್ಲ ಎಂದು ನೋಡಿದರು.

ಮೊದಲಮೇಟ್
40 ಡಿಗ್ರಿ ಎನ್ನುವಾಗ ಒಂದು ಮಾತು ಬಿಟ್ಟುಹೋಯಿತು. ಮುಚ್ಚಲಾಗದ ತೆರಪಿಗೆ ಅದಕ್ಕಿಂತ ಮೊದಲೇ ನೀರು ನುಗ್ಗುವಂತಿದ್ದರೆ ಆ ಕೋನದವರೆಗೆ ಮಾತ್ರ ಎಣಿಸಬೇಕು. ಅದರಾಚೆಗಿನ ರೇಖೆ ಕಾಗದಕ್ಕೆ ಅಲಂಕಾರ.

ಅಡ್ಡಗೆರೆ
ನದಿಯ ಸಿಹಿನೀರಿನಲ್ಲಿ ನಿಂತಿರುವಾಗಲೂ ಕೋಷ್ಟಕಕ್ಕೆ 12,000 ಎಂದೇ ಹೋಗುವುದೇ?

ತಂತ್ರಾಂಶಪ್ರಿಯ
ತೂಕ ಬದಲಾಗಿಲ್ಲವಲ್ಲ. 12,000.

ನೌಕಾಶಿಲ್ಪಿ
ಇಲ್ಲ. ಕೋಷ್ಟಕಕ್ಕೆ ಬೇಕಾದದ್ದು ಮುಳುಗಿದ ಒಡಲಿನ ಗಾತ್ರ, ಅದನ್ನು 1.025 ಸಾಂದ್ರತೆಯ ಉಪ್ಪುನೀರಿನ ಟನ್ನಿನಲ್ಲಿ ಬರೆದಿದ್ದಾರೆ ಅಷ್ಟೇ. ಸಿಹಿನೀರಿನಲ್ಲಿ ಹಡಗು ಹೆಚ್ಚು ಮುಳುಗುತ್ತದೆ, ಆದ್ದರಿಂದ 12,300 ಎಂದು ಹೋಗಿ ಕೆಎನ್ ಓದಿ. ಮೊಮೆಂಟ್ ಬೇಕಾದಾಗ ಮಾತ್ರ ಜಿಝಡ್ ಅನ್ನು ನಿಜವಾದ 12,000ದಿಂದ ಗುಣಿಸಿ.

ತಂತ್ರಾಂಶಪ್ರಿಯ
ನಮ್ಮ ಕಂಪ್ಯೂಟರಿನಲ್ಲಿ ಸಾಂದ್ರತೆಗೆ ಒಂದು ಚೌಕ ಇದೆ. ಅದು ಯಾಕೆಂದು ಈಗ ತಿಳಿಯಿತು.

ಹಳೇಲಂಗರು
:)

ಕಡಲಕೆಡೆಟ್
ಕೊನೆಯದೊಂದು. ಇದೇ ಲೆಕ್ಕದ ಮುಂದಿನ ಭಾಗ: ಡೆಕ್ಕಿನ ಮೇಲಿನ 60 ಟನ್ ಸರಕು ಅದೇ ಎತ್ತರದಲ್ಲಿ 8 ಮೀಟರ್ ಪಕ್ಕಕ್ಕೆ ಸರಿದಿದೆ. ಗೆಳೆಯ ಇದಕ್ಕೂ ಸೈನ್ ಹಾಕುತ್ತಿದ್ದಾನೆ.

ಗಣಿತಮೇಷ್ಟ್ರು
ಪಕ್ಕಕ್ಕೆ ಸರಿದದ್ದಕ್ಕೆ ಕೊಸೈನ್. 60 × 8 ÷ 12,000 = 0.04. ಅದಕ್ಕೆ ಕೊಸೈನ್ 30 ಗುಣಿಸಿದರೆ 0.035. ಆ ಬದಿಗೆ ವಾಲಿದಾಗ 0.420ರಿಂದ ಕಳೆದು 0.385. ಸೊನ್ನೆ ಡಿಗ್ರಿಯಲ್ಲಿ ಕೊಸೈನ್ ಒಂದು ಎಂಬುದನ್ನು ಮರೆಯಬೇಡಿ. ಅಲ್ಲಿ ಜಿಝಡ್ −0.04 ಆಗುತ್ತದೆ, ಹಡಗು ನೆಟ್ಟಗೆ ನಿಲ್ಲುವುದಿಲ್ಲ. ಮೂರು ಡಿಗ್ರಿಯಷ್ಟು ವಾಲಿದ ಮೇಲೆ ನಿಲ್ಲುತ್ತದೆ.

ಬಿಲ್ಜ್‌ಪಂಪು
ಗೆಳೆಯನನ್ನು ಇಲ್ಲಿಗೇ ಕರೆದುಕೊಂಡು ಬನ್ನಿ, ನೇರವಾಗಿ ಜಗಳವಾಡೋಣ.

ಕಡಲಕೆಡೆಟ್
ಕರೆದೆ. "ಮೊದಲು ಕೋಷ್ಟಕ ಮಾಡಿದ್ದು ಯಾರು ಎಂದು ಕೇಳು" ಎನ್ನುತ್ತಿದ್ದಾನೆ.